ಅರ್ಧ ಗಚ್ಚು, ಅರ್ಧ ಗಾಜು

ಹಾನಗಲ್ಲ
ತಾ. ೧೨-೮-೧೯೩೯

ಸನ್ಮಾನ್ಯ ಸಭಾಧ್ಯಕ್ಷರೇ, ಊರ ಹಿರಿಯರೇ, ಮಾತೆಯರೇ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿದ್ರಿಸುತ್ತಿರುವ ಮಹನೀಯರೇ,

ಅಲ್ಪಮತಿಯಾದ ನನಗೆ ಈ ವೇದಿಕೆಯ ಮೇಲೆ ಎರಡು ಮಾತನಾಡಲು ಅಪ್ಪಣೆ ಕೊಟ್ಟ ತಮಗೆ ವಂದನೆಗಳು. ಇಂದಿನ ವಿಷಯ ಗಂಭೀರವಾದದ್ದು. ಮಹನೀಯರು ಒರಗಿದ್ದ ಗೋಡೆಯೇ ಬಿದ್ದಿದೆ.

ಚಿ. ಮಾದೇವಿ, ಸಭೆಯಲ್ಲಿ ಇರುವವಳು ನೀನೊಬ್ಬಳೇ ಎಂಬುದನ್ನು ಬಲ್ಲೆ. ಆದರೆ ಮುಲ್ಕಿ ಪಾಸಾಗಿ, ಟ್ರೇನಿಂಗ್ ಮುಗಿಸಿ, ನಲವತ್ತೈದು ತುಂಬುವವರೆಗೆ ಕನ್ನಡ ಶಾಲೆಯ ಹುಡುಗರಿಂದ ಮಗ್ಗಿ ಹೇಳಿಸಿದ ನಿನ್ನ ಅಪ್ಪನನ್ನು ಯಾರೂ ಹಾರ ಹಾಕಿ ವೇದಿಕೆ ಹತ್ತಿಸಲಿಲ್ಲ. ಅದಕ್ಕೆ ಅಂಚೆ ಕಾಗದದ ಮೇಲೆ ನಾನೇ ಹತ್ತಿಕೊಳ್ಳುತ್ತೇನೆ.

ಆಶ್ಲೇಷಾ ಮಳೆಗೆ ಪಡಸಾಲೆಯ ಮುಂದಿನ ಗೋಡೆ ಕುಸಿಯಿತು. ಗೋಡೆ ಹೋಯಿತು, ಮೋಡ ಬಂದಿತು. ಪಡಸಾಲೆಯಲ್ಲೇ ಕೆರೆ ನಿಂದಿತು. ಯಾರಿಗೂ ಪೆಟ್ಟಾಗಿಲ್ಲ. ಗೌಂಡಿ ನಬೀಸಾಬನನ್ನು ಕರೆಸಿದೆ. ಅವನು ಗೋಡೆಯ ಅಳತೆ ಹಿಡಿಯುತ್ತಿದ್ದಾಗ ನನ್ನವ್ವ, ನಿನ್ನ ಆಯಿ, ಕೂತಲ್ಲಿಂದಲೇ ಕೇಳಿದಳು: “ಗ್ವಾಡಿ ಹೆಂಗೂ ಕಟ್ಟಾಕತ್ತೀರಿ, ಅದರಾಗ ಸವಣೂರು ಬೇಗಂ ಮನಿ ಅಂಥಾ ಕಿಡಕಿ ಇಡ್ರಿ. ಮದುವ್ಯಾಗಿ ಬರೂವಾಗ ಬಂಡಿ ಒಳಗಿಂದ ನೋಡಿದ್ದೆ. ಈಗ ಕಣ್ಣಿಗೆ ಪೊರಿ ಬಂದೈತಿ, ಮನಷಾರು ಕಾಣೂದಿಲ್ಲ. ಬಣ್ಣಾನರ ಬರಲಿ.”

ಮದುವೆ ಎಂದ ಕೂಡಲೇ ನೆನಪಾಯಿತು. ಶಿಗ್ಗಾಂವಿಯ ಅರಳೆ ಅಡತಿಯ ಅಜ್ಜಪ್ಪನವರು ತಮ್ಮ ಅಣ್ಣನ ಮಗ ಶಂಕ್ರಪ್ಪನಿಗೆ ನಿನ್ನನ್ನು ಕೇಳಿದ್ದಾರೆ. ನಾವು ಹ್ಞೂಂ ಅಂದಿದ್ದೇವೆ. ದೀಪಾವಳಿ ದಾಟಿದ ಮೇಲೆ ಎಂದು ಮಾತು. ಆದರೆ ಆಯಿಯದು ಒಂದು ಶಾಸನವಿದೆ: “ಗ್ವಾಡಿ ಬಾಯಿ ತಕ್ಕೊಂಡು ನಿಂತಾಗ ಅಂಗಳದಾಗ ಹಂದರ ಹಾಕಬಾರದು. ಮೊದಲ ಕಿಡಕಿ ಕೂಡಲಿ, ಆಮ್ಯಾಲ ಮದುವಿ.” ಹೀಗಾಗಿ ನಿನ್ನ ಮದುವೆ ಈಗ ನಿನ್ನ ಕೈಯ ಸೀಸದಕಡ್ಡಿಯಲ್ಲಿದೆ. ಬೇಗಂ ಮನೆಯ ಕಿಟಕಿಯ ನಕ್ಷೆ ಬರೆದು ಕಳಿಸು.

ನಿನ್ನ ಡ್ರಾಯಿಂಗ್ ಪರೀಕ್ಷೆಯ ಮಾತು ನನಗೆ ನೆನಪಿದೆ. ಆಯಿಗೆ ನೆನಪಿಲ್ಲ. ಶಿಗ್ಗಾಂವಿಯವರಿಗೆ ಹೇಳಿಲ್ಲ.

ಸವಣೂರಿನ ಶಾಲೆಗೆ ಹೋದಾಗಿನಿಂದ ನಿನ್ನವು ಎರಡು ಕಾರ್ಡು ಬಂದಿವೆ. ಎರಡರಲ್ಲೂ ‘ನಾನು ಕ್ಷೇಮ’ ಎಂದಿದೆ. ಕ್ಷೇಮವೆಂಬುದು ಖಾತ್ರಿಯಾಯಿತು. ಈ ಸಲ ಲಕೋಟೆಯಲ್ಲಿ ಬರೆ. ನಕ್ಷೆ ಕಾರ್ಡಿನಲ್ಲಿ ಹಿಡಿಸುವುದಿಲ್ಲ.

ಇಂತು ನಿನ್ನ ಅಪ್ಪ,
ಪರಮೇಶಪ್ಪ


ಸವಣೂರು
ತಾ. ೨೧-೮-೧೯೩೯

ತೀರ್ಥರೂಪ ಅಪ್ಪನವರಿಗೆ ಮಾದೇವಿಯ ಶರಣುಗಳು.

ಪತ್ರ ಓದಿ ಗೋಡೆ ಬಿದ್ದದ್ದಕ್ಕೆ ಅಳಬೇಕೋ ಮದುವೆಗೆ ಅಳಬೇಕೋ ತಿಳಿಯಲಿಲ್ಲ. ನೀವು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೀರಿ.

ನಾನಿರುವ ಕೋಣೆ ಮುಮ್ತಾಜಬೇಗಂ ಅವರ ಹವೇಲಿಯ ಹಿಂಬದಿಗಿದೆ. ನೀವು ಹೇಳಿದ ಕಿಟಕಿ ಬೀದಿಯ ಕಡೆಗೆ. ಹೊರಗೆ ಕಮಾನಿನ ಸುತ್ತ ಗಚ್ಚಿನ ಬಳ್ಳಿ, ಬಳ್ಳಿಯ ತುದಿಗೆ ಗಿಳಿಗಳು. ಸುಣ್ಣ ಬಳಿದು ಬಳಿದು ಗಿಳಿಗಳ ಕೊಕ್ಕು ಮೊಂಡಾಗಿವೆ. ಕಮಾನಿನೊಳಗೆ ಗಾಜು: ಕೆಂಪು, ಹಸಿರು, ಜೇನಿನ ಬಣ್ಣ, ಮೇಲೆ ಒಂದು ನೀಲಿ ಚಂದ್ರ. ಸೋಜಿಗವೆಂದರೆ ಹಗಲು ಹೊರಗೆ ನಿಂತು ನೋಡಿದರೆ ಗಾಜೆಲ್ಲ ಕಪ್ಪು. ಒಳಗೆ ಬಂದರೆ ನೆಲದ ಮೇಲೆ ಹಬ್ಬ. ಬೇಗಂ ಅವರು ಹೇಳಿದರು: “ನಮ್ಮ ಸಾಹೇಬರು ಅಂತಿದ್ರು ಬೇಟಿ, ಗಚ್ಚು ಊರ ಮಂದಿಗೆ, ಗಾಜು ಮನಿ ಮಂದಿಗೆ ಅಂತ.”

ಪರೀಕ್ಷೆಗೆ ಹೇಗೆ ಬರೆಯುತ್ತೇವೋ ಹಾಗೆಯೇ ನಕ್ಷೆ ಬರೆದಿದ್ದೇನೆ. ಒಂದೇ ಹಾಳೆ, ನಡುವೆ ಗೆರೆ. ಕಾಗದ ಹಾಳಾಗುವುದಿಲ್ಲ, ಎರಡೂ ಮುಖ ತಿಳಿಯುತ್ತವೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪಾ, ಪರೀಕ್ಷೆ ಚಳಿಗಾಲದಲ್ಲಿದೆ. ದೀಪಾವಳಿಯ ಮೇಲೆ ಮದುವೆಯಾದರೆ ಕುಂಚ ಹಿಡಿಯುವ ಕೈ ಯಾರ ಮನೆಯ ರೊಟ್ಟಿ ಬಡಿಯುತ್ತಿರುತ್ತದೋ. ನೀವೇ ನನ್ನನ್ನು ಇಲ್ಲಿಗೆ ತಂದುಬಿಟ್ಟವರು. ಈಗ ನೀವೇ ಕರೆಯುತ್ತಿದ್ದೀರಿ. ಬೇಡ ಎನ್ನಲು ಧೈರ್ಯವಿಲ್ಲ, ಆಗಲಿ ಎನ್ನಲು ಮನಸ್ಸಿಲ್ಲ. ನಕ್ಷೆ ಮಾತ್ರ ಕಳಿಸಿದ್ದೇನೆ.

ನಿಮ್ಮ ಮಗಳು,
ಮಾದೇವಿ


ಹಾನಗಲ್ಲ
ತಾ. ೨-೧೦-೧೯೩೯

ಸಭಿಕರೇ, ಶಾಂತರಾಗಿರಿ. ನಕ್ಕವರನ್ನು ಹೊರಗೆ ಕಳಿಸಲಾಗುವುದು.

ಕಿಟಕಿ ಕೂತಿದೆ, ಮಾದೇವಿ. ನೀನು ಬರೆದಂತೆಯೇ ಕೂತಿದೆ. ಎಡಕ್ಕೆ ಅರ್ಧ ಬಳ್ಳಿ, ಅರ್ಧ ಕಮಾನು, ಒಂದು ಗಿಳಿ. ಗಾಜಿನ ಜಾಗಕ್ಕೆ ಗಟ್ಟಿ ಗೋಡೆ, ಮೇಲೆ ಕಪ್ಪು ಬಣ್ಣ. ಬಲಕ್ಕೆ ಅರ್ಧ ಬಣ್ಣದ ಗಾಜು. ಸುತ್ತ ಬಳ್ಳಿಯಿಲ್ಲ, ಗಿಳಿಯಿಲ್ಲ, ಬೋಳು. ನಡುವೆ ನೀನು ಎಳೆದ ಗೆರೆಯನ್ನೂ ನಬೀಸಾಬ ಬಿಟ್ಟಿಲ್ಲ. ಗಚ್ಚಿನಲ್ಲಿ ಒಂದು ಕೋಲು ಎಬ್ಬಿಸಿದ್ದಾನೆ.

ಎಡಕ್ಕೆ ಗಿಳಿ, ಬಲಕ್ಕೆ ಬಿಳಿ,
ನಡುವೆ ನಿಂತಿತು ನಬೀಸಾಬನ ಉಳಿ.

ಊರೆಲ್ಲ ನೋಡಿಹೋಯಿತು. ಬಂಕಾಪುರಕ್ಕೆ ಹೋಗುವ ಮೋಟಾರಿನ ಡ್ರೈವರು ಗಾಡಿ ನಿಲ್ಲಿಸಿ ಕೇಳಿದ: “ಮಾಸ್ತರ, ಇದು ಅಣ್ತಮ್ಮರ ಪಾಲಾದ ಕಿಡಕಿ ಏನ್ರಿ?” ಆಯಿ ಬಂದು ಮುಖವೆತ್ತಿ ಕೂತಳು. “ಒಂದ ಕಣ್ಣ ಹೊಡದು ನಗಾಕತ್ತೈತಲ್ಲೋ ಇದು. ಒಡದು ಹಾಕು” ಅಂದಳು.

ಒಡೆಸಿದೆ. ಗಾಜನ್ನು ಬಿಚ್ಚಿ ಹುಲ್ಲಿನಲ್ಲಿಟ್ಟಿದ್ದೇವೆ. ಹುಬ್ಬಳ್ಳಿಯ ಅಂಗಡಿಯವರು ಇನ್ನು ಮೇಲೆ ಬೆಲ್ಜಿಯಮ್ಮಿನ ಗಾಜು ಬರುವುದೇ ಸಂಶಯವೆಂದಿದ್ದಾರೆ. ಯುರೋಪಿನಲ್ಲಿ ಯುದ್ಧ ಹತ್ತಿದೆಯಂತೆ. ಅವರು ಅಲ್ಲಿ ಒಡೆಯುತ್ತಾರೆ, ನಾವು ಇಲ್ಲಿ.

ಶಿಗ್ಗಾಂವಿಯವರಿಗೆ ಹೇಳಿ ಕಳಿಸಿದೆ, ದೀಪಾವಳಿಗೆ ಆಗದು ಎಂದು. ಗೋಡೆ ಮತ್ತೆ ಬಾಯಿ ತೆರೆದಿದೆ. ಸಾವಕಾಶವಾಗಿ ಇನ್ನೊಂದು ನಕ್ಷೆ ಬರೆ. ಜೊತೆಗೆ ಪತ್ರವೂ ಇರಲಿ; ನಕ್ಷೆ ಒಂದೇ ಬಂದರೆ ಗೌಂಡಿಗೆ ಬೇಸರವಾಗುತ್ತದೆ.

ನಿನ್ನ ಅಪ್ಪ,
ಪರಮೇಶಪ್ಪ


ಸವಣೂರು
ತಾ. ೧೪-೧೦-೧೯೩೯

ತೀರ್ಥರೂಪ ಅಪ್ಪನವರಿಗೆ ಶರಣುಗಳು.

ಪತ್ರವನ್ನು ಬೇಗಂ ಅವರಿಗೆ ಓದಿ ಹೇಳಿದೆ. ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದರು. ನಾನೂ ನಕ್ಕೆ. ಆಮೇಲೆ ಕೋಣೆಗೆ ಬಂದು ಕೂತಾಗ ನಗು ಎಲ್ಲಿ ಹೋಯಿತೋ. ಎಡದ ಅರ್ಧ ಹೊರಗಿನಿಂದ ಕಂಡದ್ದು, ಬಲದ ಅರ್ಧ ಒಳಗಿನಿಂದ ಕಂಡದ್ದು. ಎರಡೂ ಒಂದೇ ಕಿಟಕಿ. ನಬೀಸಾಬರಿಗೆ ತಿಳಿಯದಿದ್ದರೆ ಇರಲಿ, ನೀವು ಮಗ್ಗುಲಲ್ಲೇ ಇದ್ದಿರಲ್ಲ?

ತಪ್ಪು ನನ್ನದೇ ಇರಬೇಕು. ಬಿಡಿಸಿ ಬರೆಯಬೇಕಿತ್ತು. ಈ ಸಲ ಎರಡು ಹಾಳೆ ಇಟ್ಟಿದ್ದೇನೆ. ಒಂದರ ಮೇಲೆ ‘ಹೊರಗೆ’, ಇನ್ನೊಂದರ ಮೇಲೆ ‘ಒಳಗೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಹಿರೇಕೆರೂರಿನ ಬಡಿಗನಿಗೆ ಚೌಕಟ್ಟು ಮಾಡಲು ಕೊಟ್ಟಿದ್ದೇವೆ ಎಂದು ಆಯಿ ಯಾರ ಹತ್ತಿರವೋ ಹೇಳಿ ಕಳಿಸಿದ್ದಳು. ಅವನಿಗೆ ‘ಒಳಗೆ’ ಎಂಬ ಹಾಳೆ ತೋರಿಸಿದರೆ ಸಾಕು.

ಒಂದು ಮಾತು ಬರೆಯಲೇ? ಕಿಟಕಿ ಕೆಟ್ಟಿತೆಂದು ಕೇಳಿ ನನಗೆ ಸಮಾಧಾನವಾಯಿತು. ಪರೀಕ್ಷೆಗೆ ಕೂಡುತ್ತೇನೆ. ಆಯಿಗೆ ಬೇಸರ, ನಬೀಸಾಬರಿಗೆ ಅಪಹಾಸ್ಯ, ನನಗೆ ಸಮಾಧಾನ. ಇದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ವೀಳ್ಯದೆಲೆ ಕಳಿಸಿದ್ದೇನೆ, ಆಯಿಗೆ ಕೊಡಿ. ನಿಮ್ಮ ಪ್ರಾಸದ ಬಗ್ಗೆ ಬೇಗಂ ಅವರ ಅಭಿಪ್ರಾಯ: “ಗಿಳಿ, ಬಿಳಿ ಸರಿ. ಉಳಿ ಸುಮ್ನ ಬಂದೈತಿ.”

ಮಾದೇವಿ


ಹಾನಗಲ್ಲ
ತಾ. ೯-೧೨-೧೯೩೯

ಮಹಾಜನರೇ,

ಉಳಿ ಸುಮ್ಮನೆ ಬಂದಿದೆ ಎಂದ ಬೇಗಂ ಸಾಹೇಬರಿಗೆ ನನ್ನ ಸಲಾಮು. ವಿಮರ್ಶೆ ಎಂದರೆ ಹೀಗಿರಬೇಕು.

ನಿನ್ನ ಎರಡು ಹಾಳೆ ತಲುಪಿದವು. ‘ಹೊರಗೆ’ ಎಂಬುದರ ಪ್ರಕಾರ ಬೀದಿಯ ಗೋಡೆಯ ಮೇಲೆ ಒಂದು ಕಿಟಕಿಯಾಗಿದೆ. ಪೂರ್ತಿ ಬಳ್ಳಿ, ಎರಡೂ ಗಿಳಿ, ಕಮಾನಿನ ನಡುವೆ ಕಪ್ಪು ಬಣ್ಣ. ತೂತು ಇಲ್ಲ. ‘ಒಳಗೆ’ ಎಂಬುದರ ಪ್ರಕಾರ ಮನೆಯ ಒಳಗೆ, ಪಡಸಾಲೆಗೂ ಅಡಿಗೆಮನೆಗೂ ನಡುವಿನ ಗೋಡೆಯಲ್ಲಿ, ಪೂರ್ತಿ ಗಾಜಿನ ಇನ್ನೊಂದು ಕಿಟಕಿಯಾಗಿದೆ. ಹೀಗೆ ಒಂದು ಕೇಳಿದವರಿಗೆ ಎರಡು ಸಿಕ್ಕಿವೆ. ಒಂದಕ್ಕೆ ಬೆಳಕಿಲ್ಲ, ಇನ್ನೊಂದಕ್ಕೆ ಹೊಗೆ ತಪ್ಪಿಲ್ಲ. ಆಯಿ ರೊಟ್ಟಿ ಒಲೆಯ ಉರಿ ಎಬ್ಬಿಸಿದರೆ ಪಡಸಾಲೆಯಲ್ಲಿ ಕೂತ ನನ್ನ ಮೀಸೆ ಹಸಿರಾಗುತ್ತದೆ.

ಆಯಿ ನಬೀಸಾಬನನ್ನು ತರಾಟೆಗೆ ತೆಗೆದುಕೊಂಡಳು. “ಎಷ್ಟ ವರ್ಷ ಆತೋ ಕರಣಿ ಹಿಡದು?”

“ನಾನ ಏನ್ ಮಾಡ್ಲಿ ಅವ್ವಾ, ಮಾಸ್ತರ ಹೇಳಿಧಾಂಗ ಮಾಡೇನಿ” ಅಂದ ಅವನು.

“ಮಾಸ್ತರ ಹೇಳಿದ್ರ ಬಾವ್ಯಾಗ ಬೀಳ್ತಿ ಏನು?”

ಅವನು ನನ್ನ ಮುಖ ನೋಡಿದ. ನಾನು ಮೋಡ ನೋಡಿದೆ. ಮೋಡವೇನೂ ಇರಲಿಲ್ಲ.

ಮತ್ತೆ ಒಡೆಯಬೇಕು. ಶಿಗ್ಗಾಂವಿಯವರು ಸಂಕ್ರಾಂತಿ ದಾಟಲಿ ಎಂದಿದ್ದಾರೆ; ಅಜ್ಜಪ್ಪನವರು ಸಮಾಧಾನಸ್ಥರು. ನಿನ್ನ ಪರೀಕ್ಷೆ ಬಂತಲ್ಲ. ಗೆರೆ ನೇರ ಎಳೆ, ಬಣ್ಣ ಹರಿಯಗೊಡಬೇಡ. ಮುಗಿದ ಮೇಲೆ ನಕ್ಷೆ ಬರೆದರೆ ಸಾಕು. ಉದ್ದವಾದ ಪತ್ರ ಜೊತೆಗಿರಲಿ. ಬೇಗಂ ಅವರ ಮಾತುಗಳು ಹೆಚ್ಚಿಗೆ ಇರಲಿ, ಚೆನ್ನಾಗಿರುತ್ತವೆ.

ನಿನ್ನ ಅಪ್ಪ,
ಪರಮೇಶಪ್ಪ


ಸವಣೂರು
ತಾ. ೧೧-೧-೧೯೪೦

ತೀರ್ಥರೂಪ ಅಪ್ಪನವರಿಗೆ ಶರಣುಗಳು.

ಪರೀಕ್ಷೆ ಮುಗಿಯಿತು. ಹೂಬಳ್ಳಿಯ ಪ್ರಶ್ನೆ ಬಂದಿತ್ತು. ಬೇಗಂ ಅವರ ಬಳ್ಳಿಯನ್ನೇ ಬರೆದುಬಿಟ್ಟೆ, ಮೊಂಡು ಕೊಕ್ಕು ಬಿಟ್ಟು.

ಇನ್ನೊಂದು ಸಂಗತಿ. ಕಳೆದ ಸಂತೆಯ ದಿನ ಶಿಗ್ಗಾಂವಿಯ ಅಜ್ಜಪ್ಪನವರು ಏನೋ ಕೆಲಸಕ್ಕೆ ಸವಣೂರಿಗೆ ಬಂದವರು ಇಲ್ಲಿಗೂ ಬಂದರು. ಜೊತೆಗೆ ಅವರೂ ಇದ್ದರು. ‘ಅವರು’ ಎಂದರೆ ತಿಳಿಯಿತಲ್ಲ. ಬೇಗಂ ಅವರು ಪರದೆಯ ಆಚೆ ಕೂತು ಚಹ ಕಳಿಸಿದರು. ನಾನು ಬಾಗಿಲ ಮರೆಯಲ್ಲಿದ್ದೆ. ಮೇಜಿನ ಮೇಲೆ ನಿಮಗೆ ಕಳಿಸಿದ ಮೊದಲ ನಕ್ಷೆಯ ಪ್ರತಿ ಹರಡಿತ್ತು. ನನ್ನನ್ನು ನೋಡಲು ಬಂದವರು ನಕ್ಷೆ ನೋಡುತ್ತ ಕೂತರು.

“ಎಡಕಿಂದು ಹೊರಗಿನ ಮಾರಿ, ಬಲಕಿಂದು ಒಳಗಿನ ಮಾರಿ. ಹೌದಲ್ರಿ?” ಎಂದು ‘ಅವರು’ ಕೇಳಿದರು, ಪರದೆಗೆ.

“ನಿಮಗ ಹೆಂಗ ಗೊತ್ತಾತು?” ಎಂದರು ಬೇಗಂ.

“ಅರಳಿ ಅಂಡಗಿ ತೋರಸೂವಾಗ ನಾವೂ ಹಿಂಗ ಮಾಡತೇವ್ರಿ. ಅರ್ಧ ಹೊಲಿಗಿ ಬಿಚ್ಚತೇವಿ, ಅರ್ಧ ಹಂಗ ಬಿಡತೇವಿ. ಹೊರಗಿನ ಗೋಣಿತಟ್ಟೂ ಕಾಣಬೇಕು, ಒಳಗಿನ ಅರಳೀನೂ ಕಾಣಬೇಕು.”

ಹೊರಡುವಾಗ ಯಾರಿಗೆ ಎಂದಿಲ್ಲದೆ ಇನ್ನೊಂದು ಮಾತು ಹೇಳಿದರು: “ಶಿಗ್ಗಾಂವಿ ಮ್ಯಾಲಿಂದ ಧಾರವಾಡಕ್ಕ ದಿನಾ ಮೋಟಾರ ಹೋಗತೈತ್ರಿ. ಮುಂದಿನ ಪರೀಕ್ಷಿ ಅಲ್ಲೇ ಅಂತಲ್ಲ.” ಅಜ್ಜಪ್ಪನವರು ಕೆಮ್ಮಿದರು. ಬೇಗಂ ಅವರು ಪರದೆಯ ಆಚೆ ನಕ್ಕದ್ದು ನನಗೆ ಕೇಳಿಸಿತು.

ಅಂದಿನಿಂದ ನನಗೆ ಎರಡು ಗೊಂದಲ. ಒಂದನ್ನು ಬರೆಯಲಾರೆ. ಇನ್ನೊಂದನ್ನು ಬರೆಯುತ್ತೇನೆ. ನನ್ನ ಸಣ್ಣಂದಿನಲ್ಲಿ ಅವ್ವ ಹೋದ ವರ್ಷ, ಅಂಗಳಕ್ಕೆ ರಂಗೋಲಿ ಹಾಕುವವರಿಲ್ಲದಾಗ, ನೀವೇ ಅರ್ಧ ರಂಗೋಲಿ ಬರೆದು ನಡುವೆ ಕನ್ನಡಿ ನಿಲ್ಲಿಸಿ ಉಳಿದರ್ಧ ತೋರಿಸಿಕೊಟ್ಟಿರಿ. ‘ಅರ್ಧ ಇದ್ದರೆ ಅರ್ಧ ತಾನೇ ಹುಟ್ಟುತ್ತದೆ’ ಎಂದಿದ್ದಿರಿ. ಅರಳೆ ಅಂಗಡಿಯವರಿಗೆ ತಿಳಿದದ್ದು ನಿಮಗೆ ಹೇಗೆ ತಿಳಿಯಲಿಲ್ಲ?

ಈ ಸಲ ನಕ್ಷೆ ಹಗುರ ಮಾಡಿದ್ದೇನೆ. ಬಳ್ಳಿಯಿಲ್ಲ, ಗಿಳಿಯಿಲ್ಲ. ಒಂದು ಕಮಾನು, ಅದರಲ್ಲಿ ಮೂರು ಬಣ್ಣ. ಬೇಗ ಆಗುತ್ತದೆ.

ಮಾದೇವಿ


ಹಾನಗಲ್ಲ
ತಾ. ೧೬-೨-೧೯೪೦

ಸಭಿಕರೇ,

ಭಾಷಣ ಚಿಕ್ಕದು. ಹಗುರಾದ ನಕ್ಷೆ ಬಂತು. ಹಗುರಾದದ್ದಕ್ಕೇ ಗಾಳಿಗೆ ತಿರುಗಿತೋ ಏನೋ, ನಬೀಸಾಬ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಕಟ್ಟಿಬಿಟ್ಟ. ಕಮಾನು ಕೆಳಗಾಯಿತು, ಹೊಸ್ತಿಲು ಮೇಲಾಯಿತು. ಕಿಟಕಿ ನೋಡಿದರೆ ತೊಟ್ಟಿಲು ನೋಡಿದಂತಿದೆ. ಆಯಿ ತಡವಿ ನೋಡಿ ಅಂದಳು: “ಮದುವಿ ಇನ್ನೂ ಆಗಿಲ್ಲ, ತೊಟ್ಲ ಮೊದಲ ಬಂತಲ್ಲೋ.”

ಮತ್ತೆ ಒಡೆಸಬೇಕಾಗುತ್ತದೆ. ಗೋಡೆಗೆ ಗೋಣಿತಟ್ಟು ಕಟ್ಟಿದ್ದೇನೆ. ಧೂಳು.

ರಂಗೋಲಿಯ ವಿಷಯ ಕೇಳಿದ್ದೀ. ಅದು ಹಳೆಯ ಮಾತು. ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಕಣ್ಣು ಮಂಜಾಗುತ್ತದೆ, ಬುದ್ಧಿ ಪಂಜಾಗುತ್ತದೆ. ಪಂಜು ಇಲ್ಲಿ ಹೊಂದುವುದಿಲ್ಲ, ಪ್ರಾಸಕ್ಕೆ ಬಂದಿದೆ.

ಶಂಕ್ರಪ್ಪ ಬಂದಿದ್ದನೆಂದು ಅಜ್ಜಪ್ಪನವರು ನನಗೆ ಹೇಳಲಿಲ್ಲ. ಹುಡುಗ ಮಾತಾಡುವವನೋ? ಮಾತು ಕಡಿಮೆ ಎಂದು ಕೇಳಿದ್ದೆ. ನೀನು ಬರೆದದ್ದು ನೋಡಿದರೆ ಸಾಕಷ್ಟು ಆಡಿದ್ದಾನೆ.

ಇನ್ನೊಂದು ನಕ್ಷೆ ಕಳಿಸು. ಅವಸರವೇನಿಲ್ಲ.

ನಿನ್ನ ಅಪ್ಪ,
ಪರಮೇಶಪ್ಪ


ಸವಣೂರು
ತಾ. ೩-೩-೧೯೪೦

ತೀರ್ಥರೂಪ ಅಪ್ಪನವರಿಗೆ ಶರಣುಗಳು.

ನಕ್ಷೆ ಇಟ್ಟಿದ್ದೇನೆ. ಒಂದು ಚೌಕ, ಅದರಲ್ಲಿ ಒಂದು ಕೆಂಪು ಗಾಜು. ಇದಕ್ಕೆ ಮೇಲೆ ಕೆಳಗೆ ಇಲ್ಲ, ಎಡ ಬಲ ಇಲ್ಲ, ಒಳಗೆ ಹೊರಗೆ ಇಲ್ಲ. ಹೇಗೆ ಹಿಡಿದರೂ ಇದು ಇದೇ. ಇದನ್ನು ತಪ್ಪು ಕಟ್ಟಲು ಬರುವುದಿಲ್ಲ.

ಬೇಗಂ ಅವರು ನೋಡಿ, “ಇಷ್ಟ್ಯಾಕ ಸಣ್ಣದ ಮಾಡಿದಿ ಬೇಟಿ, ನಿನ್ನ ಆಯಿ ಕೇಳಿದ್ದು ಗಿಳಿ ಇರೋದು” ಎಂದರು. ನಾನು ಹಾಳೆ ಮಡಚಿ ಲಕೋಟೆಗೆ ಹಾಕಿದೆ. ಅದನ್ನು ನೋಡಿ ಅವರೇ, “ಹ್ಞಾಂ, ಗಡಬಡಿ ಐತಿ” ಎಂದರು.

ಹೌದು, ಅವಸರವಿದೆ. ಬರೆಯಲಾರೆ ಎಂದಿದ್ದ ಮಾತನ್ನು ಬರೆಯುತ್ತೇನೆ. ನನಗೆ ಒಪ್ಪಿಗೆಯಿದೆ, ಅಪ್ಪಾ. ಮಗಳು ಇದನ್ನು ತಂದೆಗೆ ಬರೆಯಬಾರದು. ಅವ್ವನಿದ್ದಿದ್ದರೆ ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಆಗಸ್ಟಿನಲ್ಲಿ ಅತ್ತವಳು ಮಾರ್ಚಿನಲ್ಲಿ ಹೀಗೆ ಬರೆಯುವುದು ನನಗೂ ಅರ್ಥವಾಗಿಲ್ಲ. ಅರ್ಥವಾಗಲೆಂದು ಕಾಯುತ್ತ ಕೂತರೆ ಕಿಟಕಿಯಂತೆಯೇ ಆದೀತು.

ಬಸವ ಜಯಂತಿಗೆ ಮದುವೆಗಳಿರುತ್ತವೆ. ಚೌಕ ಕಟ್ಟಲು ಅಷ್ಟು ದಿನ ಬೇಡ.

ಮಾದೇವಿ


ಸವಣೂರು
ತಾ. ೭-೪-೧೯೪೦

ಅಪ್ಪನವರಿಗೆ ಶರಣು.

ನಾಳೆ ಯುಗಾದಿ. ಉತ್ತರ ಬಂದಿಲ್ಲ. ಹಾನಗಲ್ಲಿನಿಂದ ಬಂದವರನ್ನು ಕೇಳಿದೆ, ಮಾಸ್ತರು ಚೆನ್ನಾಗಿದ್ದಾರೆ ಎಂದರು. ಶಾಲೆಗೆ ಹೋಗುತ್ತಾರೆ, ಬರುತ್ತಾರೆ, ಗೋಡೆಗೆ ಗೋಣಿ ಇದೆ ಎಂದರು. ನಬೀಸಾಬರಿಗೆ ಊರಲ್ಲಿ ‘ಅರ್ಧ ಗೌಂಡಿ’ ಎಂದು ಹೆಸರು ಬಿದ್ದಿದೆಯಂತೆ. ಬೇರೆಯವರು ಕೆಲಸಕ್ಕೆ ಕರೆಯುತ್ತಿಲ್ಲವಂತೆ.

ಅಜ್ಜಪ್ಪನವರ ಸಮಾಧಾನ ಮುಗಿಯಿತು. ತಡಸದಲ್ಲಿ ಒಂದು ಮನೆಗೆ ಹೆಣ್ಣು ನೋಡಲು ಹೋಗಿಬಂದರಂತೆ. ‘ಹಾನಗಲ್ಲಿನವರಿಗೆ ಮನಸ್ಸಿಲ್ಲ, ಕಿಡಕಿ ನೆವ’ ಎಂದರಂತೆ.

ನೀವು ಆಗಸ್ಟಿನಿಂದ ಬರೆದ ಪತ್ರಗಳನ್ನು ಸಾಲಾಗಿ ಇಟ್ಟು ಓದಿದೆ. ನನ್ನ ನಕ್ಷೆ ಚಿಕ್ಕದಾದಷ್ಟೂ ನಿಮ್ಮ ತಪ್ಪು ದೊಡ್ಡದಾಗುತ್ತ ಹೋಗಿದೆ.

ನೀವು ನನಗೆ ಕಲಿಸಿದವರು. ನಿಮ್ಮನ್ನು ಹೀಗೆ ಕೇಳಬಾರದು. ನಿಮಗೆ ನಕ್ಷೆ ಓದಲು ಬರುತ್ತದೋ ಇಲ್ಲವೋ?

ಮಾದೇವಿ


ಹಾನಗಲ್ಲ
ತಾ. ೧೫-೪-೧೯೪೦

ಸನ್ಮಾನ್ಯ ಸಭಾಧ್ಯಕ್ಷರೇ, ಊರ ಹಿರಿಯರೇ,

ಇಷ್ಟು ಬರೆದು ಕೂತೆ. ಮುಂದೆ ಹೋಗಲಿಲ್ಲ. ಮೊದಲು ನಡೆದದ್ದನ್ನು ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ಗಾಳಿ ಬಿಟ್ಟಿತು. ಗೋಣಿತಟ್ಟಿನ ಒಂದು ಕಡೆಯ ಹಗ್ಗ ಕಿತ್ತಿತು. ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಆಯಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಕಾಣದಿದ್ದರೂ ಬೆರಳಿಗೆ ಹರಳು ಸಿಗುತ್ತವೆ ಅವಳಿಗೆ. “ಪರಮೇಶೀ, ಬಾ ಇಲ್ಲೆ” ಎಂದು ಕೂಗಿದಳು. ಹೋದೆ.

“ನನ್ನ ಸೀರಿ ಮ್ಯಾಲ ಕುಂಕುಮ ಯಾರ ಚೆಲ್ಲ್ಯಾರ ನೋಡು.”

ಮಡಿಲ ತುಂಬ ಕೆಂಪು ಬಿದ್ದಿತ್ತು. ಮೊರದ ಅಕ್ಕಿಯೂ ಕೆಂಪು. ಅವಳು ಕೈಯಿಂದ ಝಾಡಿಸಿದಳು, ಹೋಗಲಿಲ್ಲ. ಕೈಯನ್ನು ಮುಖದ ಹತ್ತಿರ ತಂದಳು, ಕೈಯೂ ಕೆಂಪಾಗಿತ್ತು. ಹಾಗೇ ಜರುಗುತ್ತ ಹೋದಳು. ಹಸಿರು ಬಂತು, ಜೇನಿನ ಬಣ್ಣ ಬಂತು. ನೀಲಿ ಚಂದ್ರ ಅವಳ ಹಣೆಯ ಮೇಲೆ ಬಿದ್ದಾಗ ನಿಂತಳು.

“ಇದು ಯಾವಾಗ ಕುಂತು?”

“ಸಂಕ್ರಾಂತಿಗೆ.”

“ಗಿಳಿ ಅದಾವೇನು ಹೊರಗ?”

“ಎರಡೂ ಅದಾವ ಅವ್ವಾ.”

ಸೆರಗು ಕೊಡವಿ ಎದ್ದಳು. ಆಮೇಲೆ, “ನಾಳಿ ಶಿಗ್ಗಾಂವಿಗೆ ಬಂಡಿ ಕಟ್ಟು. ನಾನೂ ಬರ್ತೇನಿ. ನೀ ಒಬ್ಬಾಂವ ಹೋದ್ರ ಅಲ್ಲೂ ಭಾಷಣ ಮಾಡ್ತಿ” ಅಂದಳು. ಪತ್ರ ಮುಗಿಸಿ ಹೊರಡುತ್ತೇವೆ. ಬಂಡಿ ಬಾಗಿಲಲ್ಲಿದೆ. ಅಜ್ಜಪ್ಪನವರು ಏನೆನ್ನುತ್ತಾರೋ ಗೊತ್ತಿಲ್ಲ. ಬಂದು ಕಿಟಕಿ ನೋಡಿರಿ ಎನ್ನುತ್ತೇನೆ. ಅದರ ಮೇಲೆ ಅವರ ಮನಸ್ಸು.

ಇನ್ನು ನಿನ್ನ ಪ್ರಶ್ನೆ.

ನಿನ್ನ ಮೊದಲ ನಕ್ಷೆ ಬಂದ ದಿನವೇ ನಬೀಸಾಬ ಅದನ್ನು ನೆಲದ ಮೇಲೆ ಹಾಸಿ ಕೇಳಿದ: “ಮಾಸ್ತರ, ಅರ್ಧ ಹೊರಗಿಂದು, ಅರ್ಧ ಒಳಗಿಂದು, ಹೌದಲ್ರಿ?” ನಾನು ಅಲ್ಲ ಅಂದೆ. ಹೇಗೆ ಬರೆದಿದೆಯೋ ಹಾಗೆ ಕಟ್ಟು ಅಂದೆ. ಎರಡು ಹಾಳೆ ಬಂದಾಗಲೂ ಹಾಗೇ ಅಂದೆ. ಎರಡನೆಯದನ್ನು ಒಡೆಯುವಾಗ ಅವನು ಕರಣಿ ಕೆಳಗಿಟ್ಟ. “ಊರಾಗ ನನ್ನ ಹೆಸರು ಕೆಟ್ಟೈತ್ರಿ. ಇನ್ನ ನಿಮ್ಮ ಮಾತು ಕೇಳಾಂವ ಅಲ್ಲ” ಎಂದು ಹೇಳಿ, ನಿನ್ನ ಮೊದಲ ಹಾಳೆಯನ್ನೇ ಮುಂದಿಟ್ಟುಕೊಂಡು, ಗಾಜನ್ನೆಲ್ಲ ತಂದು, ಬಳ್ಳಿ ಎಳೆದು, ಇರಬೇಕಾದಂತೆ ಕಟ್ಟಿಹೋದ. ಆಯಿಗೆ ಹೇಳಬೇಡವೆಂದು ಅವನ ಕೈ ಹಿಡಿದೆ. ಗೋಣಿ ಕಟ್ಟಿದವನು ನಾನು. ಆಯಿಗೆ ಬಿಸಿಲು, ಕತ್ತಲೆ ಎರಡೇ ತಿಳಿಯುತ್ತವೆ ಎಂದು ಧೈರ್ಯವಿತ್ತು. ತಲೆಕೆಳಗಾದ ಕಮಾನನ್ನು ಯಾರೂ ಕಟ್ಟಿಲ್ಲ. ತೊಟ್ಟಿಲ ಮಾತನ್ನು ಆಯಿ ಆಡಿಲ್ಲ. ಅದು ಕಾಗದದ ಮೇಲೆ ಮಾತ್ರ ಇತ್ತು. ನಿನ್ನ ಚೌಕ ನನ್ನ ಅಂಗಿಯ ಕಿಸೆಯಲ್ಲಿದೆ.

ಎಲ್ಲ ನಿನ್ನ ಪರೀಕ್ಷೆಗಾಗಿ ಮಾಡಿದೆ ಎಂದು ಬರೆಯಬೇಕೆಂದು ಕೂತಿದ್ದೆ. ಮೊದಲನೆಯ ಸಲ ಅದು ನಿಜವೂ ಇದ್ದೀತು. ಆದರೆ ನಿನ್ನ ಪರೀಕ್ಷೆ ಮುಗಿಯಿತು, ನೀನು ಒಪ್ಪಿದೆ, ನನ್ನ ಕಿಟಕಿ ಮಾತ್ರ ಕೆಡುತ್ತಲೇ ಹೋಯಿತು.

ಸಭೆ ಇಲ್ಲ, ಮಾದೇವಿ. ಅಧ್ಯಕ್ಷರೂ ಇಲ್ಲ. ಕಿಟಕಿ ಕೆಡುವ ಮೊದಲು ನಿನ್ನಿಂದ ‘ನಾನು ಕ್ಷೇಮ’ ಎಂಬ ಕಾರ್ಡು ಬರುತ್ತಿದ್ದವು. ಕೆಟ್ಟ ಮೇಲೆ ಲಕೋಟೆ ಬಂದವು.

ನಿನ್ನ ಅಪ್ಪ